ಮಕ್ಕಳ ಮನೆ ಕಟ್ಟಿದ ಮರಿಯಾ ಮಾಂಟೆಸೊರಿ

ಮಾಂಟೆಸೊರಿ ಎಂಬ ಹೆಸರನ್ನು ನಮ್ಮ ಪಟ್ಟಣಗಳ ಶಾಲಾ ನಾಮಫಲಕಗಳ ಮೇಲೆ ಓದದವರು ವಿರಳ. ಅದು ಒಂದು ಶಿಕ್ಷಣ ಪದ್ಧತಿಯ ಹೆಸರೆಂದು ಬಹುಮಂದಿ ಬಲ್ಲರು. ಒಬ್ಬ ಮಹಿಳೆಯ ಹೆಸರೆಂದು ಬಲ್ಲವರು ಕಡಿಮೆ. ಇಟಲಿ ದೇಶದಲ್ಲಿ ಹುಟ್ಟಿ, ವೈದ್ಯೆಯಾಗಿ, ಬಡ ಕೂಲಿಕಾರರ ಮಕ್ಕಳ ನಡುವೆ ತಮ್ಮ ನಿಜವಾದ ಕರೆಯನ್ನು ಕಂಡುಕೊಂಡು, ಮುಪ್ಪಿನಲ್ಲಿ ನಮ್ಮ ನೆರೆಯ ಮದರಾಸು, ಕೊಡೈಕನಾಲುಗಳಲ್ಲಿ ಯುದ್ಧಕಾಲದ ವರ್ಷಗಳನ್ನು ಕಳೆದ ಈ ಕಥೋಲಿಕ ಮಹಿಳೆಯ ಬಾಳನ್ನು ನಾವು ಇಲ್ಲಿ ಸಂಗ್ರಹವಾಗಿ ಹೇಳಹೊರಟಿದ್ದೇವೆ. ಅವರ ಸಿದ್ಧಾಂತಗಳನ್ನು ವಿವರಿಸುವ ಗ್ರಂಥಗಳು ಬೇಕಾದಷ್ಟಿವೆ. ನಮ್ಮ ಗಮನ ಬೇರೊಂದರ ಮೇಲೆ. ಎಳೆಯ ಮಕ್ಕಳನ್ನು ಸಾಕುವ ತಾಯಿಗೂ, ಅವರನ್ನು ನೋಡಿಕೊಳ್ಳುವ ಉಪಾಧ್ಯಾಯಿನಿಗೂ ಆಸರೆ ಎಲ್ಲಿಂದ ಒದಗಬೇಕು? ಈ ಪ್ರಶ್ನೆ ಅವರನ್ನು ಆಯುಷ್ಯವಿಡೀ ಬೆನ್ನಟ್ಟಿತು. ಅದಕ್ಕೆ ಉತ್ತರ ಹುಡುಕುತ್ತ ಅವರು ಯಾರ ಯಾರ ಬಾಗಿಲು ತಟ್ಟಿದರು, ಯಾವ ಬಾಗಿಲು ತೆರೆಯಿತು, ಯಾವುದು ತೆರೆದು ಮತ್ತೆ ಮುಚ್ಚಿತು ಎಂಬುದೇ ಅವರ ಚರಿತ್ರೆಯ ತಿರುಳು.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಅಂಕೋನ ಪಟ್ಟಣಕ್ಕೆ ಸಮೀಪದ ಕಿಯಾರಾವಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಮಾಂಟೆಸೊರಿ ಸರ್ಕಾರಿ ನೌಕರರು, ಹಳೆಯ ಕಾಲದ ಶಿಸ್ತಿನವರು. ತಾಯಿ ರೆನಿಲ್ದೆ ಸ್ತೊಪ್ಪಾನಿ ಆ ಕಾಲದ ಹೆಂಗಸರಲ್ಲಿ ಅಪರೂಪವೆನ್ನುವಷ್ಟು ಓದಿದವರು. ಮಗಳು ಐದು ವರ್ಷದವಳಿದ್ದಾಗ ಸಂಸಾರ ರೋಮಾಪುರಿಗೆ ಬಂದು ನೆಲೆಸಿತು. ಹುಡುಗಿ ಉಪಾಧ್ಯಾಯಿನಿಯಾಗಲಿ ಎಂದು ತಂದೆಯ ಆಸೆ. ಅದೊಂದು ಕೆಲಸ ಬಿಟ್ಟು ಬೇರೆ ಏನಾದರೂ ಸರಿ ಎಂದು ಮಗಳ ಹಟ. ಗಂಡುಮಕ್ಕಳು ಓದುವ ತಾಂತ್ರಿಕ ಶಾಲೆಯಲ್ಲಿ ಗಣಿತ ಕಲಿತು, ಮುಂದೆ ವಿಶ್ವವಿದ್ಯಾನಿಲಯದಲ್ಲಿ ಪ್ರಕೃತಿ ವಿಜ್ಞಾನವನ್ನು ಓದಿ, 1893ರಲ್ಲಿ ವೈದ್ಯ ವಿಭಾಗವನ್ನು ಸೇರಿದರು. ಗಂಡಸರೊಡನೆ ಕುಳಿತು ಹೆಣಗಳನ್ನು ಕೊಯ್ದು ಪರೀಕ್ಷಿಸುವುದು ಹೆಣ್ಣಿಗೆ ತಕ್ಕುದಲ್ಲವೆಂದು ಹಿರಿಯರು ನಿರ್ಧರಿಸಿದ್ದರಿಂದ, ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ಅಭ್ಯಾಸ ಮಾಡಬೇಕಾಯಿತು. 1896ರ ಜುಲೈನಲ್ಲಿ ವೈದ್ಯ ಪದವಿ ಕೈಗೆ ಬಂತು. ಅದೇ ವರ್ಷ ಬರ್ಲಿನ್ ನಗರದ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪ್ರತಿನಿಧಿಯಾಗಿ ನಿಂತು, ದುಡಿಯುವ ಹೆಂಗಸರಿಗೆ ಗಂಡಸರ ಸಮನಾದ ಕೂಲಿ ಸಲ್ಲಬೇಕೆಂದು ವಾದಿಸಿದರು. ದುಡಿಯುವ ತಾಯಿಯ ಚಿಂತೆ ಅವರಿಗೆ ಮಕ್ಕಳ ಶಾಲೆಗಿಂತ ಹತ್ತು ವರ್ಷ ಮೊದಲೇ ಅಂಟಿಕೊಂಡಿತ್ತೆಂಬುದನ್ನು ನಾವು ಗಮನಿಸಬೇಕು.

ವಿಶ್ವವಿದ್ಯಾನಿಲಯದ ಮಾನಸಿಕ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯೆಯಾಗಿ ಸೇರಿದ ಮೇಲೆ ನಗರದ ಹುಚ್ಚಾಸ್ಪತ್ರೆಗಳಿಗೆ ಭೇಟಿ ಕೊಡುವುದು ಅವರ ಕರ್ತವ್ಯವಾಯಿತು. ಅಲ್ಲಿ ಬುದ್ಧಿ ಬೆಳೆಯದ ಎಳೆಯ ಮಕ್ಕಳನ್ನು ದೊಡ್ಡವರೊಡನೆಯೇ ಕೂಡಿಹಾಕುತ್ತಿದ್ದರು. ಅಂತಹ ಒಂದು ಬರಿಯ ಕೋಣೆಯಲ್ಲಿ, ಊಟವಾದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಹುಡುಕಿ ಹುಡುಕಿ ಎತ್ತಿಕೊಳ್ಳುವುದನ್ನು ಅವರು ಕಂಡರೆಂದು ಹೇಳುತ್ತಾರೆ. ಕಾವಲಿನ ಹೆಂಗಸಿಗೆ ಅದು ಹೊಟ್ಟೆಬಾಕತನವಾಗಿ ತೋರಿತು. ಮರಿಯಾ ಸುತ್ತ ನೋಡಿದರು. ಆ ಕೋಣೆಯಲ್ಲಿ ಮಗುವಿನ ಕೈಗೆ ಹಿಡಿಯಲು ಬೇರೆ ಒಂದು ವಸ್ತುವೂ ಇರಲಿಲ್ಲ. ಹಸಿದಿದ್ದುದು ಹೊಟ್ಟೆಯಲ್ಲ, ಕೈಗಳು. ಇತಾರ್ ಮತ್ತು ಸೆಗ್ವಿನ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇಂತಹ ಮಕ್ಕಳಿಗೆ ಇಂದ್ರಿಯಗಳ ಮೂಲಕ ಕಲಿಸಲು ಮಾಡಿದ್ದ ಪ್ರಯತ್ನಗಳನ್ನು ಅವರು ಹುಡುಕಿ ತೆಗೆದು ಓದಿದರು. 1900ರಲ್ಲಿ ರೋಮಿನಲ್ಲಿ ಆರಂಭವಾದ ಒಂದು ವಿಶೇಷ ಶಾಲೆಯನ್ನು ಡಾಕ್ಟರ್ ಜುಸೆಪ್ಪೆ ಮೊಂತೆಸಾನೊ ಎಂಬವರೊಡನೆ ಜಂಟಿಯಾಗಿ ನಡೆಸಿದರು. ಅಲ್ಲಿ ಕಲಿತ ಕೆಲವು ಮಕ್ಕಳು ಸಾಮಾನ್ಯ ಮಕ್ಕಳ ಪರೀಕ್ಷೆಗೆ ಕುಳಿತು ತೇರ್ಗಡೆಯಾದಾಗ ಜನ ಬೆರಗಾದರು. ಅವರ ಬೆರಗು ಬೇರೆಯಾಗಿತ್ತು. ಇಷ್ಟು ಹಿಂದುಳಿದ ಮಕ್ಕಳು ಸರಿಗಟ್ಟಬಲ್ಲರಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಎಷ್ಟು ಕೆಳಗೆ ಹಿಡಿದಿಟ್ಟಿವೆ ಎಂದು ಅವರು ಯೋಚಿಸತೊಡಗಿದರು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ. ಹಿಂದಿನ ಚರಿತ್ರೆಕಾರರು ಬಹುಕಾಲ ಇದರ ಮೇಲೆ ತೆರೆ ಎಳೆದಿದ್ದರು. 1898ರ ಮಾರ್ಚ್ 31ರಂದು ಮರಿಯಾ ಒಂದು ಗಂಡುಮಗುವಿಗೆ ಜನ್ಮವಿತ್ತರು. ತಂದೆ ಮೊಂತೆಸಾನೊ. ಮದುವೆ ನಡೆಯಲಿಲ್ಲ. ಲೋಕಾಪವಾದಕ್ಕೆ ಅಂಜಿ, ಮಾರಿಯೊ ಎಂದು ಹೆಸರಿಟ್ಟ ಆ ಶಿಶುವನ್ನು ರೋಮಿನ ಹೊರಗಿನ ಹಳ್ಳಿಗಾಡಿನ ಒಂದು ಸಂಸಾರದಲ್ಲಿ ಸಾಕಲು ಬಿಟ್ಟರು. ಮೊಂತೆಸಾನೊ ಬೇರೊಬ್ಬರನ್ನು ಮದುವೆಯಾದ ಮೇಲೆ ಮರಿಯಾ ಆ ಶಾಲೆಯನ್ನೂ ತೊರೆದರು. ಆಗಾಗ ಹೋಗಿ ಮಗನನ್ನು ನೋಡಿ ಬರುತ್ತಿದ್ದರು. ತಾನು ಯಾರೆಂದು ಹೇಳುವಂತಿರಲಿಲ್ಲ. ತಪ್ಪು ಸರಿಗಳ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಪರರ ಮಕ್ಕಳಿಗಾಗಿ ಮನೆ ಕಟ್ಟಿದ ಈ ತಾಯಿ, ತನ್ನ ಮಗುವಿಗೆ ಹದಿನೈದು ವರ್ಷ ಮನೆಯಾಗಲಾರದೆ ಹೋದರೆಂಬುದನ್ನು ಮರೆತರೆ ಅವರ ಬಾಳು ನಮಗೆ ಅರ್ಧ ಮಾತ್ರ ಅರ್ಥವಾದೀತು. ಕೂಲಿಗೆ ಹೋಗುವ ಹೆಂಗಸು ಮಗುವನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು ಎಂಬುದು ಅವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ರೋಮಿನ ಸಾನ್ ಲೊರೆಂಜೊ ಬಡಾವಣೆ ಆ ನಗರಕ್ಕೇ ಒಂದು ಕಳಂಕವೆನಿಸಿತ್ತು. 1880ರ ದಶಕದಲ್ಲಿ ಲಾಭದ ಆಸೆಯಿಂದ ಅವಸರವಸರವಾಗಿ ಎಬ್ಬಿಸಿ, ಹಣ ಮುಗಿದಾಗ ಅರ್ಧಕ್ಕೆ ಬಿಟ್ಟುಹೋದ ಕಟ್ಟಡಗಳು; ಅವುಗಳಲ್ಲಿ ಕಿಕ್ಕಿರಿದು ತುಂಬಿದ ಬಡವರು. ರೋಮನ್ ಗೃಹಸಂಸ್ಥೆಯೊಂದು ಕೆಲವು ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿ, ದುಡಿಯುವ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತು. ತಂದೆತಾಯಂದಿರು ಬೆಳಗಾದೊಡನೆ ಕೆಲಸಕ್ಕೆ ಹೋದರೆ, ಶಾಲೆಯ ವಯಸ್ಸಾಗದ ಚಿಕ್ಕ ಮಕ್ಕಳು ಮೆಟ್ಟಿಲುಗಳ ಮೇಲೆ ಓಡಾಡಿ ಹೊಸ ಗೋಡೆಗಳನ್ನು ಗೀಚಿ ಕೆಡಿಸತೊಡಗಿದರು. ಸಂಸ್ಥೆಯ ನಿರ್ದೇಶಕರಾದ ಎದ್ವಾರ್ದೊ ತಾಲಮೊ ಲೆಕ್ಕ ಹಾಕಿದರು. ಗೋಡೆ ಮೆಟ್ಟಿಲುಗಳ ರಿಪೇರಿಗೆ ಸುರಿಯುವ ಹಣದಲ್ಲಿಯೇ ಈ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬಹುದಲ್ಲ! ಆ ಹೊಣೆಯನ್ನು ಅವರು ಡಾಕ್ಟರ್ ಮಾಂಟೆಸೊರಿಯವರಿಗೆ ಒಪ್ಪಿಸಿದರು. ಲೋಕಪ್ರಸಿದ್ಧವಾದ ಒಂದು ಶಿಕ್ಷಣ ಕ್ರಾಂತಿಗೆ ಮೊದಲ ಬಂಡವಾಳ ದೊರೆತದ್ದು ಸುಣ್ಣ ಬಣ್ಣದ ಖರ್ಚಿನ ಉಳಿತಾಯದಿಂದ ಎಂದರೆ ಇಂದಿಗೂ ನಗು ಬರುತ್ತದೆ. ಆದರೂ ಅವರು ಆ ಕೊಡುಗೆಯನ್ನು ಹೀಗಳೆಯಲಿಲ್ಲ. ಯಾವ ಉದ್ದೇಶದಿಂದ ಬಂದ ಆಸರೆಯೇ ಆಗಲಿ, ಮಗುವಿಗೆ ಒದಗುವಂತೆ ಅದನ್ನು ತಿರುಗಿಸಿಕೊಳ್ಳುವ ಜಾಣ್ಮೆ ಅವರಲ್ಲಿತ್ತು.

1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮಾರ್ಸಿ ಬೀದಿಯ 58ನೆಯ ಸಂಖ್ಯೆಯ ಕಟ್ಟಡದಲ್ಲಿ ಮೊದಲ ಮಕ್ಕಳ ಮನೆ ತೆರೆಯಿತು. ಆ ಹಬ್ಬದ ಪೂಜೆಯಲ್ಲಿ ಓದಲಾಗುವ ಪ್ರವಾದಿ ಯೆಶಾಯನ ಗ್ರಂಥದ ಭಾಗ, ಕತ್ತಲು ಕವಿದ ಭೂಮಿಯ ಮೇಲೆ ಬೆಳಕು ಮೂಡುವ ಆ ಪ್ರವಾದನೆ, ಅಂದು ತಮ್ಮ ಮನಸ್ಸಿಗೆ ಬಂದುದನ್ನು ಅವರು ಮುಂದೆ ಬರೆದಿದ್ದಾರೆ. ಬಂದ ಐವತ್ತು ಅರುವತ್ತು ಮಕ್ಕಳಾದರೋ ಅಳುಮೋರೆಯವು, ಅಂಜಿಕೆಯವು. ನೋಡಿಕೊಳ್ಳಲು ನೇಮಿಸಿದ್ದು ಅದೇ ಕಟ್ಟಡದ ಕಾವಲುಗಾರರ ಮಗಳನ್ನು. ಆಕೆಗೆ ಉಪಾಧ್ಯಾಯ ವೃತ್ತಿಯ ತರಬೇತಿ ಇರಲಿಲ್ಲ. ಅದು ಒಳ್ಳೆಯದೇ ಆಯಿತೆಂದು ಮಾಂಟೆಸೊರಿಯವರ ಭಾವನೆ. ಕಲಿಸಲು ಹೊರಡುವುದಕ್ಕಿಂತ ಕಣ್ಣಿಟ್ಟು ನೋಡುವುದು ಹೆಚ್ಚಿನದೆಂದು ಅವರು ಆ ಯುವತಿಗೆ ತಿಳಿಸಿಕೊಟ್ಟರು.

ಈ ಮನೆಯ ನಿಯಮಾವಳಿಯನ್ನು ಗೋಡೆಯ ಮೇಲೆ ತೂಗುಹಾಕಲಾಗಿತ್ತು. ಅದು ನಮಗೆ ಅವರ ಎಲ್ಲ ಉಪಕರಣಗಳಿಗಿಂತಲೂ ಮುಖ್ಯವೆಂದು ತೋರುತ್ತದೆ. ತಾಯಂದಿರು ಹಣ ಕೊಡಬೇಕಾಗಿರಲಿಲ್ಲ. ಆದರೆ ಮಗುವನ್ನು ಸ್ನಾನ ಮಾಡಿಸಿ, ಶುಚಿಯಾದ ಬಟ್ಟೆ ತೊಡಿಸಿ, ಹೇಳಿದ ವೇಳೆಗೆ ಕಳುಹಿಸಬೇಕು. ಮೇಲ್ವಿಚಾರಕಿಯನ್ನು ಗೌರವದಿಂದ ಕಾಣಬೇಕು. ವಾರಕ್ಕೊಮ್ಮೆಯಾದರೂ ಆಕೆಯೊಡನೆ ಕುಳಿತು ಮನೆಯಲ್ಲಿ ಮಗು ಹೇಗಿದೆ ಎಂಬುದನ್ನು ತಿಳಿಸಿ, ಬೇಕಾದ ಸಲಹೆ ಪಡೆಯಬಹುದು. ಮಗುವನ್ನು ಕೊಳಕಾಗಿ ಕಳುಹಿಸಿದರೆ, ಇಲ್ಲವೆ ಹಿರಿಯರ ನಡತೆಯೇ ಶಾಲೆಯ ಕೆಲಸವನ್ನು ಕೆಡಿಸಿದರೆ ಆ ಮಗುವಿಗೆ ಪ್ರವೇಶವಿಲ್ಲ. ಇನ್ನು ಮೇಲ್ವಿಚಾರಕಿಯೂ ಅದೇ ಕಟ್ಟಡದಲ್ಲಿಯೇ ವಾಸಿಸಬೇಕು. ದಿನಕ್ಕೆರಡು ತಾಸು ಬಂದು ಉಪದೇಶ ಹೇಳಿ ಹೋಗುವ ದೊಡ್ಡ ಮನೆತನದ ಹೆಂಗಸಲ್ಲ ಆಕೆ. ಅದೇ ನಲ್ಲಿಯ ನೀರು ಹಿಡಿಯುವ, ಅದೇ ಮೆಟ್ಟಿಲು ಹತ್ತುವ ನೆರೆಯವಳು. ಕೆಲಸಕ್ಕೆ ಹೊರಟ ತಾಯಿ ಮಗುವನ್ನು ಕೆಳಗಿಳಿಸಿ ಬಿಟ್ಟು ನೆಮ್ಮದಿಯಿಂದ ಹೋಗಬಹುದು. ಯಾವಾಗ ಬೇಕಾದರೂ ಇಣುಕಿ ನೋಡಬಹುದು. ಶಾಲೆಯು ಮನೆಯೊಳಗೇ ಬಂದಿತ್ತು. ಸಿರಿವಂತರ ಮನೆಗಳಲ್ಲಿ ದಾದಿ ಇರುವಂತೆ, ಬಡವರೆಲ್ಲರ ಪಾಲಿಗೂ ಒಬ್ಬ ದಾದಿ ದೊರೆತಂತಾಯಿತು.

ಮಕ್ಕಳಲ್ಲಿ ಆದ ಬದಲಾವಣೆಯ ಕಥೆಗಳು ಅನೇಕ. ಒಂದು ದಿನ ಮೇಲ್ವಿಚಾರಕಿ ತಡವಾಗಿ ಬಂದಾಗ ಹಿಂದಿನ ದಿನ ಬೀಗ ಹಾಕಲು ಮರೆತ ಕಪಾಟಿನಿಂದ ಮಕ್ಕಳು ತಾವೇ ತಮಗೆ ಬೇಕಾದ ಸಾಮಾನು ತೆಗೆದುಕೊಂಡು ಕೆಲಸದಲ್ಲಿ ತೊಡಗಿದ್ದರಂತೆ. ಆಕೆ ಅದನ್ನು ಕಳ್ಳತನವೆಂದಳು, ಮಾಂಟೆಸೊರಿಯವರು ಆಯ್ಕೆಯೆಂದರು. ಮಕ್ಕಳ ಕೈಗೆಟಕುವ ತಗ್ಗಾದ ಕಪಾಟುಗಳು ಅಂದಿನಿಂದ ಬಂದವು. ಮತ್ತೊಮ್ಮೆ, ಸದ್ದಿಲ್ಲದೆ ಮೂಗು ಒರೆಸಿಕೊಳ್ಳುವುದು ಹೇಗೆಂದು ಅವರು ತೋರಿಸಿಕೊಟ್ಟಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸುರಿಯುವ ಮೂಗಿಗಾಗಿ ಸದಾ ಬೈಗುಳ ತಿಂದವರೇ ಅವರೆಲ್ಲ. ಹೇಗೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ.

ಓದು ಬರಹದ ವಿಷಯಕ್ಕೆ ಮೊದಲು ಕೈ ಹಚ್ಚಿದವರು ಅವರಲ್ಲ, ತಾಯಂದಿರು. ತಾವು ಅಕ್ಷರ ಕಾಣದ ಆ ಹೆಂಗಸರು ಬಂದು ಮಕ್ಕಳಿಗೆ ಅಕ್ಷರ ಕಲಿಸಿಕೊಡಬೇಕೆಂದು ಬೇಡಿಕೊಂಡರು. ಅವರು ಮರಳುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಅಂಟಿಸಿ, ಬೆರಳಿನಿಂದ ಸವರಿ ಗುರುತಿಸಲು ಕೊಟ್ಟರು. ಡಿಸೆಂಬರಿನ ಒಂದು ಬಿಸಿಲಿನ ದಿನ ಮಾಳಿಗೆಯ ಮೇಲೆ, ಹೊಗೆಗೂಡಿನ ಚಿತ್ರ ಬರೆಯುತ್ತಿದ್ದ ಐದು ವರ್ಷದ ಒಬ್ಬ ಹುಡುಗ, ತನಗೆ ಬರೆಯಲು ಬಂದಿತೆಂದು ಕೂಗುತ್ತ ಸೀಮೆಸುಣ್ಣದಿಂದ ನೆಲದ ಮೇಲೆ ಕೈ ಎಂಬ ಅರ್ಥದ ಪದವನ್ನು ಬರೆದನು. ಆಮೇಲೆ ಬರೆಯುವ ಹುಚ್ಚು ಎಲ್ಲರಿಗೂ ಹಿಡಿಯಿತು. ನೆಲ, ಬಾಗಿಲು, ಕಡೆಗೆ ರೊಟ್ಟಿಯ ಮೇಲ್ಪದರದ ಮೇಲೂ ಅಕ್ಷರಗಳು ಮೂಡಿದವು. ತಾಯಂದಿರು ನೆಲ ಉಳಿಸಿಕೊಳ್ಳಲು ಕಾಗದ ಪೆನ್ಸಿಲುಗಳನ್ನು ಕೊಂಡು ತಂದರು. ಗೋಡೆ ಉಳಿಸಲು ತೆರೆದ ಶಾಲೆಯ ಫಲ ಹೀಗಾಯಿತೆಂದು ತಾಲಮೊ ಅವರಿಗೆ ಏನೆನಿಸಿತೋ!

ಕೀರ್ತಿ ಹರಡಿದಂತೆ ಮುಂದಿನ ಸಮಸ್ಯೆ ಎದುರಾಯಿತು. ಮನೆಗಳು ಹೆಚ್ಚಿದರೆ ಉಪಾಧ್ಯಾಯಿನಿಯರು ಎಲ್ಲಿಂದ ಬರಬೇಕು? ಈ ಹಂತದಲ್ಲಿ ಎರಡು ಕಡೆಗಳಿಂದ ನೆರವು ಬಂತು. 1908ರ ಡಿಸೆಂಬರ್ 28ರಂದು ಮೆಸ್ಸಿನ ನಗರವನ್ನು ಭೂಕಂಪ ನೆಲಸಮ ಮಾಡಿದಾಗ ಅನಾಥರಾದ ಸುಮಾರು ಅರುವತ್ತು ಮಕ್ಕಳನ್ನು ರೋಮಿಗೆ ತಂದು, ಜುಸ್ತಿ ಬೀದಿಯ ಕನ್ಯಾಮಠದಲ್ಲಿ ಇರಿಸಿದರು. ಆ ಮಠ ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಸಭೆಯ ಭಗಿನಿಯರದು. ಈ ಸಭೆ ಹುಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಊಟಿಯಲ್ಲಿ, 1877ರಲ್ಲಿ, ಎಂಬುದನ್ನು ನಮ್ಮ ಓದುಗರು ಹೆಮ್ಮೆಯಿಂದ ನೆನೆಯಬಹುದು. ಕಣ್ಣೆದುರಿಗೇ ಹೆತ್ತವರನ್ನು ಕಳೆದುಕೊಂಡು ಮಾತು ಮರೆತಂತಿದ್ದ ಆ ಮಕ್ಕಳಿಗೆ ಭಗಿನಿಯರು ಮಾಂಟೆಸೊರಿಯವರ ಸಲಹೆಯಂತೆ ಮನೆಗೆಲಸ, ತೋಟ, ಮೇಜಿನ ಮೇಲೆ ಊಟ ಬಡಿಸುವ ಕ್ರಮಗಳನ್ನು ನಿಧಾನವಾಗಿ ಕಲಿಸಿದರು. ಮಕ್ಕಳಿಗೆ ನಿದ್ದೆ ಬಂತು, ಹಸಿವು ಬಂತು, ನಗು ಬಂತು. ರಾಜಮಾತೆ ಮಾರ್ಗರೀತಾ ಈ ಕೆಲಸಕ್ಕೆ ಪೋಷಕರಾದರು. ಮುಂದೆ ಉಪಾಧ್ಯಾಯಿನಿಯರ ತರಬೇತಿಗೂ ಈ ಮಠವೇ ಸ್ಥಳವಾಯಿತು.

ಇನ್ನೊಂದು ನೆರವು ಬ್ಯಾರನ್ ಲಿಯೊಪೊಲ್ದೊ ಫ್ರಾಂಕೆತ್ತಿ ಮತ್ತು ಅವರ ಪತ್ನಿ ಅಲಿಸ್ ಅವರಿಂದ. 1909ರ ಬೇಸಿಗೆಯಲ್ಲಿ ಚಿತ್ತಾ ದಿ ಕಾಸ್ತೆಲ್ಲೊ ಎಂಬಲ್ಲಿ ಮೊದಲ ಉಪಾಧ್ಯಾಯ ಶಿಬಿರ ಅವರ ಆಶ್ರಯದಲ್ಲಿ ನಡೆಯಿತು. ಅನುಭವಗಳನ್ನು ಬರೆದಿಡದಿದ್ದರೆ ಎಲ್ಲ ನಿಮ್ಮೊಡನೆ ಹೋಗುವುದೆಂದು ಆ ದಂಪತಿಗಳು ಒತ್ತಾಯಿಸಿದ್ದರ ಫಲವೇ ಅದೇ ವರ್ಷ ಪ್ರಕಟವಾದ ಅವರ ಪ್ರಥಮ ಗ್ರಂಥ. 1912ರಲ್ಲಿ ಅದು ಇಂಗ್ಲಿಷಿಗೆ ಬಂತು. 1913ರಲ್ಲಿ ಮೊದಲ ಅಂತಾರಾಷ್ಟ್ರೀಯ ತರಬೇತಿ ಶಿಬಿರ ರೋಮಿನಲ್ಲಿ ನಡೆಯಿತು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ನಿರ್ಮಿಸಿ ಮಕ್ಕಳ ಕೆಲಸವನ್ನು ಜನ ನಿಂತು ನೋಡುವಂತೆ ಮಾಡಿದರು. ಈ ನಡುವೆ 1912ರ ಡಿಸೆಂಬರಿನಲ್ಲಿ ಅವರ ತಾಯಿ ತೀರಿಕೊಂಡರು. ಮರುವರ್ಷವೇ ಮರಿಯಾ ಮಾರಿಯೊನನ್ನು ತಮ್ಮ ಬಳಿಗೆ ಕರೆತಂದರು. ಹುಡುಗನಿಗೆ ಆಗ ಹದಿನೈದು ವರ್ಷ. ಲೋಕಕ್ಕೆ ಅವನು ಸೋದರಳಿಯ, ಇಲ್ಲವೆ ದತ್ತುಮಗ. ಅಂದಿನಿಂದ ಕೊನೆಯವರೆಗೆ ಆತ ತಾಯಿಯ ಬಲಗೈಯಾಗಿ ನಿಂತನು.

ಸ್ಪೇನಿನ ಬಾರ್ಸಿಲೋನದಲ್ಲಿ ಅವರು ಕಳೆದ ವರ್ಷಗಳು ಕಥೋಲಿಕರಾದ ನಮಗೆ ವಿಶೇಷ ಆಸಕ್ತಿಯವು. ಅಲ್ಲಿ ಮಕ್ಕಳಿಗೆಂದೇ ಒಂದು ದೇವಾಲಯದ ಕೋಣೆಯನ್ನು ಅಣಿಗೊಳಿಸಲಾಯಿತು. ಪುಟ್ಟ ಕುರ್ಚಿಗಳು, ಮಕ್ಕಳ ಕಣ್ಣೆತ್ತರದ ಚಿತ್ರಗಳು, ಅವರ ಕೈಗೆಟಕುವ ತೀರ್ಥದ ಬಟ್ಟಲುಗಳು. ಜ್ಞಾನೋಪದೇಶವನ್ನು ಕಂಠಪಾಠ ಮಾಡಿಸುವ ಬದಲು ಪೂಜೆಯ ಒಂದೊಂದು ಕ್ರಿಯೆಯನ್ನೂ ಕೈಯಾರೆ ಮಾಡಿ ತಿಳಿಯುವ ದಾರಿಯನ್ನು ತೋರಿಸಿದರು. ಮಕ್ಕಳು ಗೋಧಿ ಬಿತ್ತಿ, ದ್ರಾಕ್ಷಿ ಬಳ್ಳಿಗಳನ್ನು ಬೆಳೆಸಿದರು. ಬಲಿಪೀಠದ ರೊಟ್ಟಿ ಮತ್ತು ದ್ರಾಕ್ಷಾರಸಗಳು ಎಲ್ಲಿಂದ ಬರುತ್ತವೆಂಬುದು ಅವರಿಗೆ ಹೇಳಿ ತಿಳಿಯಬೇಕಾಗಲಿಲ್ಲ. ಪೋಪ್ 15ನೆಯ ಬೆನೆಡಿಕ್ಟರು ಅವರ ಕಾರ್ಯವನ್ನು ಆಶೀರ್ವದಿಸಿದರು. ಇಂದಿಗೂ ನಮ್ಮಲ್ಲಿ ಆರು ವರ್ಷದ ಮಗುವಿಗೆ ಅರ್ಥವಾಗದ ಪದಗಳನ್ನು ಬಾಯಿಪಾಠ ಮಾಡಿಸಿ, ತಪ್ಪಿದರೆ ಗದರಿಸುವ ಉಪದೇಶಿಗಳಿದ್ದಾರೆ. ಅವರು ಬಾರ್ಸಿಲೋನದ ಈ ಪ್ರಯೋಗವನ್ನು ಒಮ್ಮೆ ಓದಿ ನೋಡಬೇಕೆಂದು ನಮ್ಮ ಪ್ರಾರ್ಥನೆ.

ಎಲ್ಲ ಆಸರೆಗಳೂ ಒಂದೇ ಬೆಲೆಯವಲ್ಲ. 1924ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮಾಂಟೆಸೊರಿ ಶಾಲೆಗಳಿಗೆ ಸರ್ಕಾರದ ಬೆಂಬಲವನ್ನು ನೀಡಿದರು. ಹಣ ಬಂತು, ಕಟ್ಟಡ ಬಂತು, ತರಬೇತಿ ಕಾಲೇಜು ಬಂತು. ಅವರು ಈ ಕೈಯನ್ನು ಹಿಡಿದದ್ದು ಸರಿಯಲ್ಲವೆಂದು ಅನೇಕರು ಟೀಕಿಸಿದ್ದಾರೆ; ನಾವೂ ಅದನ್ನು ಸಮರ್ಥಿಸಲಾರೆವು. ಮಗುವಿಗೆ ಒಳಿತಾಗುವುದಾದರೆ ಯಾರಿಂದಲಾದರೂ ಪಡೆಯಬಹುದೆಂಬ ಸಾನ್ ಲೊರೆಂಜೊದ ಲೆಕ್ಕ ಇಲ್ಲಿ ಅವರನ್ನು ದಾರಿ ತಪ್ಪಿಸಿತು. ಸ್ವತಂತ್ರವಾಗಿ ಆಲೋಚಿಸುವ ಮಗುವನ್ನು ಬೆಳೆಸುವ ಶಾಲೆಯೂ, ಸಮವಸ್ತ್ರ ತೊಡಿಸಿ ಕೈಯೆತ್ತಿ ವಂದಿಸಲು ಕಲಿಸುವ ಸರ್ಕಾರವೂ ಎಷ್ಟು ದಿನ ಒಂದೇ ಸೂರಿನಡಿ ಬಾಳಿಯಾವು? 1934ರ ಹೊತ್ತಿಗೆ ಸಂಬಂಧ ಹರಿಯಿತು; ಇಟಲಿಯ ಶಾಲೆಗಳು ಮುಚ್ಚಿದವು. ಹಿಟ್ಲರನ ಜರ್ಮನಿಯಲ್ಲಿಯೂ ಅದೇ ಗತಿಯಾಯಿತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅವರನ್ನು ಬಾರ್ಸಿಲೋನದಿಂದಲೂ ಅಟ್ಟಿತು. ಒಂದು ಬ್ರಿಟಿಷ್ ಹಡಗನ್ನೇರಿ ಇಂಗ್ಲೆಂಡಿಗೆ ಬಂದು, ಅಲ್ಲಿಂದ ಹಾಲೆಂಡಿನಲ್ಲಿ ನೆಲೆ ಕಂಡುಕೊಂಡರು. ಅರುವತ್ತಾರನೆಯ ವಯಸ್ಸಿನಲ್ಲಿ ಅವರಿಗೆ ಉಳಿದಿದ್ದುದು ಮಗ, ಮೊಮ್ಮಕ್ಕಳು, ಜಗತ್ತಿನ ಮೂಲೆಮೂಲೆಗಳಲ್ಲಿ ಚದುರಿದ್ದ ಶಿಷ್ಯೆಯರು ಮತ್ತು 1929ರಲ್ಲಿ ಡೆನ್ಮಾರ್ಕಿನಲ್ಲಿ ಸ್ಥಾಪಿಸಿದ್ದ ಅಂತಾರಾಷ್ಟ್ರೀಯ ಮಾಂಟೆಸೊರಿ ಸಂಘ.

ಭಾರತದ ನಂಟು ಮೊದಲಿನಿಂದಲೂ ಇತ್ತು. 1931ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿಯವರು ಲಂಡನ್ನಿನ ಅವರ ತರಬೇತಿ ಕಾಲೇಜಿಗೆ ಬಂದು ಮಾತನಾಡಿದ್ದರು. ಅಡಿಯಾರಿನ ಥಿಯೊಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣೀದೇವಿಯವರ ಆಹ್ವಾನದ ಮೇಲೆ 1939ರ ನವೆಂಬರಿನಲ್ಲಿ, ತಮ್ಮ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಾರಿಯೊನೊಡನೆ ಅವರು ಮದರಾಸಿಗೆ ಬಂದರು. ಬಂದದ್ದು ಕೆಲವು ತಿಂಗಳ ತರಬೇತಿಗಾಗಿ. ಯುದ್ಧ ಅವರನ್ನು ಸುಮಾರು ಏಳು ವರ್ಷ ಇಲ್ಲಿಯೇ ತಡೆಹಿಡಿಯಿತು. ತೆಂಗಿನ ಗರಿಯ ಚಪ್ಪರಗಳ ಕೆಳಗೆ ದೇಶದ ನಾನಾ ಪ್ರಾಂತಗಳಿಂದ ಬಂದ ಮುನ್ನೂರಕ್ಕೂ ಹೆಚ್ಚು ಮಂದಿ ಉಪಾಧ್ಯಾಯರು ಕುಳಿತು ಆಲಿಸಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಹೇಳಿದರೆ ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದನು.

1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ತಾಯಿ ಮಗ ಇಬ್ಬರೂ ಶತ್ರುದೇಶದವರಾದರು. ಮಾರಿಯೊನನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿ, ತಾಯಿಯನ್ನು ಅಡಿಯಾರಿನ ಆವರಣ ಬಿಟ್ಟು ಹೋಗದಂತೆ ನಿರ್ಬಂಧಿಸಿದರು. ಭಾಷೆ ಬಾರದ ನಾಡಿನಲ್ಲಿ, ಬಾಯಿಯೂ ಕಿವಿಯೂ ಆಗಿದ್ದ ಮಗನಿಲ್ಲದೆ ಆ ಮುದುಕಿ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದರು. ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬಿತು. ಅಂದು ವೈಸರಾಯರಿಂದ ಒಂದು ತಂತಿ ಬಂದಿತೆಂದು ಅವರ ಚರಿತ್ರೆಕಾರರು ಬರೆಯುತ್ತಾರೆ. ಹುಟ್ಟುಹಬ್ಬಕ್ಕೆ ಏನು ಉಡುಗೊರೆ ಕೊಡೋಣವೆಂದು ಬಹಳ ಯೋಚಿಸಿ, ಅವರ ಮಗನನ್ನೇ ಹಿಂದಕ್ಕೆ ಕಳುಹಿಸುತ್ತಿದ್ದೇವೆ ಎಂಬುದು ಅದರ ತಾತ್ಪರ್ಯ. ಹೆತ್ತು ನಲವತ್ತೆರಡು ವರ್ಷಗಳಾದ ಮೇಲೆ ಒಂದು ಸರ್ಕಾರಿ ಕಾಗದ ಮಾರಿಯೊನನ್ನು ಆಕೆಯ ಮಗನೆಂದು ಬಹಿರಂಗವಾಗಿ ಕರೆದಿತ್ತು.

ಅದಾದ ಮೇಲೆ ಕೊಡೈಕನಾಲಿನಲ್ಲಿ ಸುಮಾರು ಎರಡು ವರ್ಷ. ಅಲ್ಲಿ ನಾನಾ ವಯಸ್ಸಿನ, ನಾನಾ ದೇಶಗಳ ಮಕ್ಕಳ ಒಂದು ಚಿಕ್ಕ ಶಾಲೆ ಏರ್ಪಟ್ಟಿತು. ಬೆಟ್ಟದ ಗಿಡ, ಹೂವು, ಕೀಟ, ಕಲ್ಲುಗಳನ್ನು ನೋಡುತ್ತ ಸೃಷ್ಟಿಯೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಮಕ್ಕಳಿಗೆ ತೋರಿಸುವ ಅವರ ಕೊನೆಯ ಚಿಂತನೆ ಅಲ್ಲಿಯೇ ರೂಪುಗೊಂಡಿತು. ಅಹಮದಾಬಾದ್, ಕರಾಚಿ, ಸಿಂಹಳಗಳಲ್ಲಿಯೂ ತರಬೇತಿಗಳು ನಡೆದವು. ಒಟ್ಟು ಸಾವಿರಕ್ಕೂ ಹೆಚ್ಚು ಉಪಾಧ್ಯಾಯರು ಅವರಿಂದ ಇಲ್ಲಿ ದೀಕ್ಷೆ ಪಡೆದರು. ತೊಡೆಯ ಮೇಲೆ, ಸೊಂಟದ ಮೇಲೆ ಸದಾ ತಾಯಿಯೊಡನೆ ಇರುವ ನಮ್ಮ ಕೂಸುಗಳನ್ನು ಕಂಡು, ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಕಾಲದ ಬಗ್ಗೆ ಅವರು ಹೆಚ್ಚು ಯೋಚಿಸಿದರು. ಮಗುವಿನ ಹೀರಿಕೊಳ್ಳುವ ಮನಸ್ಸನ್ನು ಕುರಿತ ಅವರ ಹೆಸರಾಂತ ಗ್ರಂಥ 1949ರಲ್ಲಿ ಅಚ್ಚಾದದ್ದು ಅಡಿಯಾರಿನಲ್ಲಿಯೇ.

ಅವರ ಪದ್ಧತಿಗೆ ಒಂದು ಕೊರತೆಯಿತ್ತು. ಉಪಕರಣಗಳ ಅಳತೆ ಆಕಾರಗಳಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಅವರು ಸಹಿಸುತ್ತಿರಲಿಲ್ಲ. ತರಬೇತಿಯ ಹಕ್ಕನ್ನೂ ಬಹುಕಾಲ ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಇದರಿಂದ ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿದ ಮನೆ ಅನೇಕ ಕಡೆ ಹಣವಂತರ ಮಕ್ಕಳ ಶಾಲೆಯಾಗಿ ಉಳಿಯಿತು. ನಮ್ಮ ದೇಶದಲ್ಲಿ ಆ ಬೇಲಿಯನ್ನು ದಾಟಿದವರು ಗುಜರಾತಿನ ಗಿಜುಭಾಯಿ ಬಧೇಕಾ ಮತ್ತು ಮಹಾರಾಷ್ಟ್ರದ ತಾರಾಬಾಯಿ ಮೋಡಕ್. ಗಿಜುಭಾಯಿಯವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ತಾರಾಬಾಯಿಯವರು 1945ರಲ್ಲಿ ಬೋರ್ಡಿ ಎಂಬ ಕಡಲತೀರದ ಹಳ್ಳಿಗೆ ಹೋಗಿ, ಅನುತಾಯಿ ವಾಘ್ ಅವರ ಜೊತೆಗೂಡಿ, ಕಪ್ಪೆಚಿಪ್ಪು, ಬೀಜ, ಕಡ್ಡಿ, ಬೆಣಚುಕಲ್ಲುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಗುಡಿಸಲಿನ ಅಂಗಳಕ್ಕೆ ಹೋಯಿತು. ಅಂಗನವಾಡಿ ಎಂಬ ಮಾತಿನ ಮೂಲ ಅಲ್ಲಿದೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆರು ವರ್ಷದೊಳಗಿನ ಮಗುವಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆಟಪಾಠ, ಬಸುರಿ ಬಾಣಂತಿಯರಿಗೆ ಆರೈಕೆ ಮತ್ತು ತಿಳಿವಳಿಕೆ, ಎಲ್ಲವೂ ಒಂದೇ ಬಾಗಿಲಿನಲ್ಲಿ. ನಡೆಸುವವಳು ಅದೇ ಊರಿನ ಹೆಣ್ಣುಮಗಳು. ಸಾನ್ ಲೊರೆಂಜೊದ ಗೋಡೆಯ ಮೇಲಿನ ನಿಯಮಾವಳಿಯನ್ನು ಬಲ್ಲವರಿಗೆ ಇದರಲ್ಲಿ ಹಳೆಯ ಪರಿಚಯದ ಮುಖ ಕಾಣದಿರದು. ಆದರೆ ಆ ಕಾರ್ಯಕರ್ತೆಗೆ ನಾವು ಕೊಡುವ ಗೌರವಧನ ನಮ್ಮ ಮಾತಿನ ಗೌರವಕ್ಕೆ ಎಂದೂ ಸರಿಹೊಂದಿಲ್ಲ.

1946ರಲ್ಲಿ ಯುರೋಪಿಗೆ ಮರಳಿದ ಮಾಂಟೆಸೊರಿಯವರು ಮರುವರ್ಷ ಮತ್ತೆ ಭಾರತಕ್ಕೆ ಬಂದು 1949ರವರೆಗೆ ಕೆಲಸ ಮಾಡಿದರು. 1949, 1950, 1951ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿತವಾಯಿತು, ದೊರೆಯಲಿಲ್ಲ. ಎಂಬತ್ತು ದಾಟಿದ ಮೇಲೂ ಆಫ್ರಿಕಾದ ಉಪಾಧ್ಯಾಯರಿಗೆ ತರಬೇತಿ ನೀಡಲು ಹೊರಡುವ ಮಾತನಾಡುತ್ತಿದ್ದರು. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್ ಎಂಬ ಊರಿನಲ್ಲಿ ತೀರಿಕೊಂಡರು. ಅಲ್ಲಿಯ ಕಥೋಲಿಕ ಸಮಾಧಿ ಭೂಮಿಯಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು. ಎಲ್ಲಿ ಸಾಯುತ್ತೇನೋ ಅಲ್ಲಿಯೇ ಹೂಳಬೇಕೆಂಬುದು ಅವರ ಇಚ್ಛೆಯಾಗಿತ್ತು. ಇಟಲಿ ಸರ್ಕಾರ 1990ರಲ್ಲಿ ತನ್ನ ಸಾವಿರ ಲೀರಾ ನೋಟಿನ ಮೇಲೆ ಅವರ ಮುಖವನ್ನು ಅಚ್ಚು ಹಾಕಿಸಿತು.

ಬದುಕಿನಲ್ಲಿ ಬಹುಕಾಲ ಬಾಯಿ ಬಿಟ್ಟು ಹೇಳಲಾಗದ ಮಾತನ್ನು ಅವರು ತಮ್ಮ ಉಯಿಲಿನಲ್ಲಿ ಬರೆದಿಟ್ಟಿದ್ದರು. ಮಾರಿಯೊನನ್ನು ಅದರಲ್ಲಿ ನನ್ನ ಮಗನೆಂದು ಹೆಸರಿಸಿ, ತಮ್ಮದಾದುದೆಲ್ಲವನ್ನೂ ಅವನಿಗೆ ಒಪ್ಪಿಸಿದ್ದರು. ತಾಯಿ ಕಟ್ಟಿದ ಸಂಘವನ್ನು ಮಾರಿಯೊ 1982ರಲ್ಲಿ ತಾನು ತೀರಿಕೊಳ್ಳುವವರೆಗೆ ನಡೆಸಿದನು. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಬ್ಬರೂ ವಾಸವಾಗಿದ್ದ ಮನೆಯೇ ಇಂದು ಆ ಸಂಘದ ಕೇಂದ್ರ. ಅವರ ಓದುವ ಕೋಣೆಯನ್ನು ಇದ್ದಂತೆಯೇ ಕಾಪಾಡಿಕೊಂಡು ಬಂದಿದ್ದಾರೆ.